ಬಾವುಟದ ಮೇಲೆ ಬೆರಳು

ಫೋನಿನ ತುಂಬ ಬಾವುಟ.
ಪುಗಸಟ್ಟೆ ಕಲಿಸ್ತಾರಮ್ಮ, ಅಂದಳು ತನುಜ,
ದಿನಕ್ಕೆ ಹತ್ತು ನಿಮಿಷ, ಯಾವುದಾದರೂ ಒಂದರ ಮೇಲೆ ಬೆರಳಿಡು.
ಸೌತೆಕಾಯಿ ಹೆಚ್ಚಿದ ಕೈ, ಉಪ್ಪುಖಾರ ಹತ್ತಿದ ಬೆರಳು,
ಸೆರಗಿಗೆ ಒರೆಸಿಕೊಂಡೆ.
ಯಾವ ದೇಶಕ್ಕೆ ಮೊದಲು ಉರಿ ಹತ್ತಿಸಲಿ?

ಕೋಟೆಯ ಎರಡನೇ ಬಾಗಿಲ ನೆರಳಲ್ಲಿ
ಬುಟ್ಟಿ ಇಟ್ಟು ಇಪ್ಪತ್ತೆರಡು ವರ್ಷ.
ಟೆನ್ ರುಪೀಸ್, ನೋ ಸ್ಪೈಸಿ, ಲಿಟಲ್ ಸ್ಪೈಸಿ,
ಇಷ್ಟೇ ಇಂಗ್ಲಿಷಿನಲ್ಲಿ ಮಗಳ ಬಿ.ಕಾಂ ಮುಗಿಯಿತು.
ಅದನ್ನು ಪರಭಾಷೆ ಅನ್ನಲೋ ಬೇಡವೋ,
ತಕ್ಕಡಿ ಬಟ್ಟಿನ ಹಾಗೆ, ಕೈಗೆ ರೂಢಿ.

ಸಲಹೆಗೇನು, ದುರ್ಗದಲ್ಲಿ ಕಲ್ಲಿಗಿಂತ ಜಾಸ್ತಿ.

ಗೈಡ್ ಪಾಲಯ್ಯ ಅಂದ: ಇಟಲಿದು ಕಲಿ ಬೊಮ್ಮಕ್ಕ,
ಚಂದ್ರವಳ್ಳಿ ಮಣ್ಣಾಗೆ ರೋಮಿನವರ ದುಡ್ಡು ಸಿಕ್ಕೈತೆ,
ಎರಡು ಸಾವಿರ ವರ್ಷದ ಹಳೇ ಗಿರಾಕಿ,
ಚಿಲ್ಲರೆ ಇನ್ನೂ ವಾಪಸ್ ಕೊಟ್ಟಿಲ್ಲ ನಾವು.
ಟಿಕೇಟು ಹರಿಯುವ ಇನಾಯತ್ ಲೆಕ್ಕ ತೆಗೆದ:
ಬರುವವರಲ್ಲಿ ಫ್ರಾನ್ಸಿನವರೇ ಹೆಚ್ಚು,
ಆದರೆ ಅವರು ಸೌತೆಕಾಯಿ ಮುಟ್ಟಲ್ಲ,
ನೀರಿನ ಬಾಟ್ಲಿ ಹಿಡಕೊಂಡೇ ಹತ್ತುತ್ತಾರೆ, ಹಿಡಕೊಂಡೇ ಇಳಿಯುತ್ತಾರೆ.
ತನುಜಳಿಗೆ ಕೊರಿಯಾದ ಹುಡುಗರ ಮಾತು ಬೇಕು.
ಪಕ್ಕದಲ್ಲಿ ಜೋಳದ ತೆನೆ ಸುಡುವ ರುದ್ರಮುನಿ
ಕೆಂಡ ಊದುತ್ತಲೇ ಅಂದ,
ಮಂಗಗಳದ್ದು ಕಲಿ ಅಕ್ಕ, ದಿನಾ ಬೇಕಾಗ್ತದೆ.
ಅದೂ ನಿಜವೇ.

ಯಾರಿಗೂ ಹೇಳಲಿಲ್ಲ ನಾನು,
ನನ್ನ ಹತ್ತಿರ ಆಗಲೇ ಒಂದು ವಾಕ್ಯ ಇದೆ ಅಂತ.

ಗೋಪಾಲಸ್ವಾಮಿ ಹೊಂಡ ಕೋಡಿ ಬಿದ್ದ ವರ್ಷ.
ಕಾಲು ತೊಳೆಯಲು ಹೋದವಳು ಕಂಡೆ:
ಕೊನೇ ಮೆಟ್ಟಿಲಲ್ಲಿ ಒಬ್ಬಳು, ನನ್ನದೇ ವಯಸ್ಸು,
ಕಾಲಿಗೆ ಗಂಡಸಿನ ಶೂ,
ಬಿಸಿಲಿಗೆ ಕೆಂಪಗೆ ಬೆಂದ ಕತ್ತು.
ಕ್ಯಾಮೆರಾ ಇಲ್ಲ. ಗೈಡಿಲ್ಲ.
ಅಳುತ್ತಿದ್ದಳು ಅನ್ನಲಾರೆ, ಅತ್ತು ಮುಗಿಸಿದ್ದಳು.
ಬುಟ್ಟಿಯಲ್ಲಿ ಉಳಿದಿದ್ದು ಒಂದೇ ಕಾಯಿ, ಹೆಚ್ಚಿ ಕೊಟ್ಟೆ.
ತಿಂದಳು, ಖಾರಕ್ಕೆ ಮೂಗೊರೆಸಿದಳು,
ನೀರು ನೋಡುತ್ತ ಒಂದು ಮಾತು ಹೇಳಿದಳು.
ಉದ್ದದ್ದೇನಲ್ಲ. ಹೋಗಿ ಬರ್ತೀನಿ ಅಂತೀವಲ್ಲ, ಅಷ್ಟು.

ರೇಷನ್ ಕಾರ್ಡಿನ ಹಿಂದೆ ಬರೆದುಕೊಂಡೆ ಅವತ್ತೇ ರಾತ್ರಿ.
ಐದು ಅಕ್ಷರ ಸಲೀಸಾಗಿ ಬಂದವು.
ಆರನೆಯದಕ್ಕೆ ವರ್ಣಮಾಲೆಯಿಡೀ ತಡಕಾಡಿದೆ.
ಖ ಅನ್ನುವಂತಿಲ್ಲ, ಹ ಅನ್ನುವಂತಿಲ್ಲ,
ಅವೆರಡರ ಸಂದಿಯಲ್ಲಿ ಗಂಟಲು ಕೆರೆದು ಬರುವ ಸದ್ದು,
ಐವತ್ತು ಮನೆಯ ಬೀದಿಯಲ್ಲಿ
ಅದಕ್ಕೊಂದು ಬಾಡಿಗೆ ಕೋಣೆ ಸಿಗಲಿಲ್ಲ.
ಚುಕ್ಕಿ ಇಟ್ಟು ಬಿಟ್ಟೆ.

ಈಗ ಮಗಳು ಮಲಗಿದ ಮೇಲೆ ಬಾವುಟ ಒತ್ತುತ್ತೇನೆ, ಒಂದೊಂದೇ.
ಯಾಕೆ ಕಲಿಯುತ್ತೀರಿ ಎಂದು ಫೋನು ಮೊದಲು ಕೇಳುತ್ತದೆ:
ಉದ್ಯೋಗ, ಪ್ರವಾಸ, ಕುಟುಂಬ, ಕಾಲಕ್ಷೇಪ.
ಯಾವುದನ್ನಾದರೂ ಒತ್ತದೆ ಒಳಗೆ ಬಿಡುವುದಿಲ್ಲ.
ಕುಟುಂಬ ಅಂತ ಒತ್ತಿದೆ.
ಸೇಬಿನ ಚಿತ್ರ, ಹಾಲಿನ ಚಿತ್ರ, ಓಡುವ ಹುಡುಗ.
ಸೇಬು ಕಟ್ಟಿಕೊಂಡು ನನಗೇನು, ಕಿವಿಯೆಲ್ಲ ಆ ಸಂದಿಯ ಸದ್ದಿಗೆ.
ಜರ್ಮನಿಯಲ್ಲಿ ಒಮ್ಮೆ ಇಣುಕಿದಂತಾಯಿತು.
ಅರಬ್ಬಿಯಲ್ಲಿ ಇನ್ನೂ ಹತ್ತಿರ ಬಂತು,
ಆಗಲೇ ಬೆಚ್ಚಿದ್ದು:
ಇಷ್ಟು ವರ್ಷ ದಿನಾ ಬೆಳಿಗ್ಗೆ ಇನಾಯತ್
ಖೈರಿಯತ್? ಎಂದು ಕೇಳುವಾಗ ಮೊದಲಿಗೇ ಬರುತ್ತಿತ್ತಲ್ಲ ಅದು.
ನಾನು ಹ್ಞೂಂ ಅಂದು ಬುಟ್ಟಿ ಇಳಿಸುತ್ತಿದ್ದೆ.

ಯಾವುದಮ್ಮ ಕೊನೆಗೆ, ಅನ್ನುತ್ತಾಳೆ ತನುಜ.
ತಡಿಯೇ, ಅನ್ನುತ್ತೇನೆ.

ಎಲ್ಲೋ ಒಂದೂರಲ್ಲಿ ಅವಳೂ ಕೇಳುತ್ತಿರಬಹುದು,
ಇದು ಯಾವ ಭಾಷೆ, ಯಾರಿಗಾದರೂ ಗೊತ್ತೇ ಎಂದು.
ನಮ್ಮ ಳಕಾರಕ್ಕೆ ಅವಳ ಬೀದಿಯಲ್ಲಿ ಕೋಣೆ ಸಿಗದೆ
ಚುಕ್ಕಿ ಇಟ್ಟಿರಬಹುದು.
ಯಾಕೆಂದರೆ ನಾನೂ ತಿರುಗಿ ಏನೋ ಹೇಳಿದ್ದೆ ಅವತ್ತು,
ಮೆಟ್ಟಿಲ ಮೇಲೆ, ಅವಳ ಮುಖ ನೋಡಿ.
ಅವಳದು ನನಗೆ ಬಾಯಿಪಾಠ.
ನನ್ನದು
ಎಷ್ಟು ನೆನೆದರೂ ಬರುತ್ತಿಲ್ಲ.