ಅಂಗಾಲಿಗೆ ಕೇಳುವ ಹಾಗೆ

ಬೂಟು ಬಿಚ್ಚಿ ಎಂದೆ. ನಕ್ಕರು.
ಪೋವುವಾದ ಮೀನುಗಾರರ ಸಂಘದ ಮಹಡಿ, ಹಲಗೆಯ ನೆಲ,
ಜನವರಿಯ ಗಾಳಿಗೆ ಬಂದರು ಬಾಯಿ ಮುಚ್ಚಿ ಆರು ದಿನ.
ಕೆಲಸವಿಲ್ಲದ ಗಂಡಸರು, ಬಲೆ ಹೆಣೆವ ಹೆಂಗಸರು,
ಕಾಲುಚೀಲದ ತೂತು, ಹೆಬ್ಬೆರಳುಗಳ ನಾಚಿಕೆ.
ಹಾಡು ಕೇಳಲಿಕ್ಕೆ ಬೂಟು ಯಾಕೆ ಬಿಚ್ಚಬೇಕು, ಲೌರಿಂಡಾ?
ದೊಡ್ಡ ಗುರುವಾರದ ಪಾದ್ರಿಯ ಹಾಗೆ
ನಮ್ಮ ಕಾಲು ತೊಳೀತೀಯಾ?

ತಡೀರಿ. ಮೊದಲು ಅಪ್ಪನ ಮಾತು.

ಅಪ್ಪ, ಜೆಫೆರಿನು, ಕೊನ್ಸೆರ್ಟಿನಾ ನುಡಿಸುತ್ತಿದ್ದ.
ಬೆರಳಿಗೆ ಗುಂಡಿ, ತೋಳಿಗೆ ತಿದಿ, ತಾಳಕ್ಕೆ ಬಲಗಾಲು.
ಆ ಕಾಲು ನೆಲಕ್ಕೆ ಬಿದ್ದರೆ
ಕಪಾಟಿನ ಪಿಂಗಾಣಿಯೂ ಎದ್ದು ಕುಣಿಯಬೇಕು.
ಮೂವತ್ತನಾಲ್ಕಕ್ಕೆ ತಾಳ ಎಡವಿತು.
ಕುಡಿದಿದ್ದಾನೆ ಎಂದರು. ಕುಡಿದೂ ಇದ್ದ, ಸುಳ್ಳೇಕೆ.
ಆದರೆ ಒಂದು ರಾತ್ರಿ ಕೆಂಡದ ಒಲೆಗೆ ಕಾಲು ಚಾಚಿ ಕೂತವನು
ಮೂಗರಳಿಸಿ ಅಮ್ಮನನ್ನು ಕೇಳಿದ:
ಏನು ಸುಡ್ತಿದ್ದೀ, ಬೂತಾಯಿಯಾ?

ನಮ್ಮೂರಲ್ಲಿ ಅದಕ್ಕೆ ತೊಟ್ಟಿಲಿನ ಹೆಸರು:
ಪುಟ್ಟ ಪಾದಗಳ ಕಾಯಿಲೆ.
ಉಬ್ಬರದ ನೀರಿನಂತೆ ಕೆಳಗಿನಿಂದ ಏರುತ್ತದೆ,
ಮೊಣಕಾಲು, ಹೊಟ್ಟೆ, ಕೈ, ಎದೆ.
ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ;
ಮದುವೆಯಾಗದ ಮಗಳು ಮನೆಯಲ್ಲಿರುವಾಗ
ಹೇಗೆ ಬಿಡುವುದು?

ಹೇಳದೆಯೇ ಕೆತ್ತಿಡುವ ಜನ ನಾವು.
ದೋಣಿಗೆ, ಬಲೆಯ ಬೆಂಡಿಗೆ, ಗೋರಿಕಲ್ಲಿಗೆ
ಚಾಕುವಿನ ಮೊನೆಯಲ್ಲಿ ಮನೆತನದ ಗುರುತು.
ನಮ್ಮದು ಅರ್ಧ ಬಾಣ. ಹಿರಿಯನಿಗೆ ಅದರ ಜೊತೆ ಒಂದು ಗೀಟು,
ಎರಡನೆಯವನಿಗೆ ಎರಡು,
ಕಿರಿಯ ಕೂಸಿಗೆ ಮಾತ್ರ ಗೀಟಿಲ್ಲದ್ದು, ಅಪ್ಪನದೇ, ಇದ್ದ ಹಾಗೇ.
ಕಿರಿಯವಳು ನಾನು.
ಗುರುತಿನ ಜೊತೆ ವಾದ್ಯ ಬಂತು, ವಾದ್ಯದ ಜೊತೆ
ರಕ್ತದಲ್ಲಿ ತಪ್ಪಾಗಿ ಬರೆದ ಒಂದೇ ಒಂದು ಅಕ್ಷರ.
ಅಣ್ಣಂದಿರಿಗೆ ಬರಲಿಲ್ಲ. ನಾಣ್ಯ ಎಸೆದ ಹಾಗೆ,
ಅಂದಳು ಪೋರ್ಟೋದ ಡಾಕ್ಟರಮ್ಮ,
ಪ್ರತಿ ಮಗುವಿಗೂ ಹೊಸದಾಗಿ ಎಸೆಯುತ್ತಾರೆ.
ಯಾರು ಎಸೆಯುತ್ತಾರೆ ಎಂದು ನಾನು ಕೇಳಲಿಲ್ಲ.

ನನಗೆ ದಿನಕ್ಕೊಂದು ಗುಳಿಗೆ ಇದೆ, ಕಾಫಿಗೆ ಮುಂಚೆ.
ಅಪ್ಪನಿಗೆ ಇದ್ದದ್ದು ಕಿವಿ.
ಪಾದ ನೆಲ ಮುಟ್ಟಿತೋ ಇಲ್ಲವೋ ಸದ್ದಾದರೂ ಹೇಳಲಿ ಎಂದು
ಬೂಟಿನಡಿಗೆ ಲಾಳದ ತುಂಡು ಹೊಡೆಸಿಕೊಂಡ.
ಠಕ್ ಅಂದರೆ ನಿಂತಿದ್ದೇನೆ,
ಅನ್ನದಿದ್ದರೆ ಬೀಳುತ್ತಿದ್ದೇನೆ.
ಕೊನೆಯ ಎರಡು ವರ್ಷ ತಾಳ ಹಾಕಿದವಳು ನಾನು,
ಅವನ ಕುರ್ಚಿಯ ಕೆಳಗೆ ಕೂತು
ಪಾದವನ್ನು ಎರಡೂ ಕೈಯಲ್ಲಿ ಹಿಡಿದು
ಎತ್ತಿ, ಇಳಿಸಿ, ಎತ್ತಿ, ಇಳಿಸಿ.
ತಣ್ಣಗಿತ್ತು, ಮಂಜುಗಡ್ಡೆಯಡಿಯ ಮೀನು.
ಮೇಲೆ ಅವನ ಮುಖ ನಗುತ್ತಿತ್ತೋ ಏನೋ,
ನಾನು ಕೂತಲ್ಲಿಗೆ ಕಾಣುತ್ತಿರಲಿಲ್ಲ.

ಅದಕ್ಕೇ, ಬೂಟು ಬಿಚ್ಚಿ.

ಬಿಚ್ಚಿದರು. ದೀಪ ಆರಿಸಿದೆ.
ದೊಡ್ಡ ಡೋಲನ್ನು ಹಲಗೆಯ ಮೇಲೆ ಅಡ್ಡ ಮಲಗಿಸಿ
ಫೆಲಿಸ್ಮಿನಾ ಬಡಿದಳು, ಉಣ್ಣೆ ಸುತ್ತಿದ ಕೋಲಿನಲ್ಲಿ,
ಕಿವಿಗೆ ಬೀಳದಷ್ಟು ಮೆತ್ತಗೆ,
ನೆಲಕ್ಕಷ್ಟೇ ಗೊತ್ತಾಗುವ ಹಾಗೆ.
ಕತ್ತಲಲ್ಲಿ ಒಬ್ಬೊಬ್ಬರೇ: ಹಾಂ, ಬಂತು. ಕಚಗುಳಿ.
ಇಲಿ ಓಡಿದ ಹಾಗಾಯ್ತು.
ಒಬ್ಬ ಮುದುಕಿ: ದೋಣಿಯ ತಳ ಮರಳಿಗೆ ಹತ್ತುವಾಗ ಹೀಗೇ.

ಆಗ ಹಿಂದಿನ ಬೆಂಚಿನಿಂದ ಅಲ್ಬಾನು, ಇಪ್ಪತ್ತೊಂಬತ್ತು ವರ್ಷ,
ಇಡೀ ಬಂದರಿಗೆ ಕೇಳುವ ಗಂಟಲಿನವನು:
ಇನ್ನೆಷ್ಟು ಹೊತ್ತು ಕಾಯಿಸ್ತೀ ಲೌರಿಂಡಾ,
ಡೋಲು ಶುರು ಮಾಡಿಸು ಮಾರಾಯ್ತಿ!

ಯಾರೂ ನಗಲಿಲ್ಲ.
ಫೆಲಿಸ್ಮಿನಾ ನನ್ನತ್ತ ತಿರುಗಿದ್ದು ಉಸಿರಿನಿಂದ ತಿಳಿಯಿತು.
ನಿಲ್ಲಿಸಬೇಡ ಅಂದೆ.
ಯಾರೋ, ಅವನ ತಾಯಿಯೇ ಇರಬೇಕು,
ಬೆಂಚಿನಿಂದಿಳಿದು ಮಂಡಿಯೂರಿದ ಸದ್ದು.
ಬಹಳ ಹೊತ್ತಿನ ಮೇಲೆ ಹಲಗೆಯ ಮೇಲೊಂದು ಪಾದ,
ಯಾರೋ ಎತ್ತಿ ಇಳಿಸಿದಂತೆ,
ತಾಳಕ್ಕೆ ತುಸು ಹಿಂದೆ.

ತಿದಿಯ ಪಟ್ಟಿ ಬಿಚ್ಚಿದೆ.
ಅದು ಮೊದಲು ಉಸಿರೆಳೆದುಕೊಳ್ಳುತ್ತದೆ,
ಸ್ವರ ಆಮೇಲೆ.