ಸವಕಳಿ

ಮನಾಮದ ಚಿನ್ನದ ಸೂಕ್, ಎರಡನೇ ಮಹಡಿ.
ಹಳೆಯದು ಕೊಟ್ಟು ಹೊಸತು ಕೊಳ್ಳುವವರ ಕೌಂಟರಿನಲ್ಲಿ
ಹತ್ತೊಂಬತ್ತು ವರ್ಷದಿಂದ ಕೂತಿದ್ದೇನೆ.
ಕಲ್ಲಿನ ತೂಕ ಕಳೆ, ಅರಗಿನ ತೂಕ ಕಳೆ,
ಬೆಸುಗೆಗೆ ಇಷ್ಟು, ಸವಕಳಿಗೆ ಇಷ್ಟು.
ಉಳಿದದ್ದು ಚಿನ್ನ, ಮೇಡಂ.
ಕೆತ್ತನೆಗೆ ಬೆಲೆ ಕಟ್ಟುವ ಪದ್ಧತಿ ಇಲ್ಲ.

ಮೊನ್ನೆ ಸುಮೇಧಾ ಒಂದು ಹಾಳೆ ತಂದು
ನನ್ನ ತಕ್ಕಡಿಯ ಪಕ್ಕದಲ್ಲಿಟ್ಟಳು.
ಎರಡು ವರ್ಷದ ಕಾಲೇಜು, ಸಂಜೆ ಪಾಳಿ,
ಅರವತ್ತೆರಡು ಕ್ರೆಡಿಟ್.
ನಾಲ್ಕು ವರ್ಷದ ವಿಶ್ವವಿದ್ಯಾಲಯ ಒಪ್ಪಿದ್ದು
ನಲವತ್ತೊಂದು.

'ಉಳಿದದ್ದು ಎಲ್ಲಿ ಹೋಯಿತು?'
'ಅವರದಕ್ಕೆ ಹೊಂದುವುದಿಲ್ಲವಂತೆ ಪಪ್ಪಾ.'
ನಾನು ದಿನವೂ ಈಚೆಯಿಂದ ಹೇಳುವ ಮಾತು
ಆಚೆ ನಿಂತವರಿಗೆ ಹೀಗೆ ಕೇಳುತ್ತದೋ ಏನೋ.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅನ್ನುತ್ತಾರೆ,
ನಮಗೆ ಅಂಟಿದ ಗಾದೆ.
ರಿಜಿಸ್ಟ್ರಾರ್ ಯಾವ ಕುಲವೋ.

ಲೆಕ್ಕಶಾಸ್ತ್ರ ಒಂದು ದಾಟಿತು, ಎರಡು ದಾಟಲಿಲ್ಲ.
ಇಂಗ್ಲಿಷ್ ಬರವಣಿಗೆ ಮತ್ತೆ ಮೊದಲಿಂದ.
ತೂಬ್ಲಿ ಕೊಲ್ಲಿಯ ಕಾಂಡ್ಲಾ ಗಿಡಗಳ ಪಾಠ,
ಸೊನ್ನೆ.
ಅದೇ, ಇಳಿತದ ಹೊತ್ತಿಗೆ ಮೊಣಕಾಲುದ್ದ ಕೆಸರಲ್ಲಿ ನಿಂತು
ಉಸಿರಾಡುವ ಬೇರುಗಳನ್ನು ಎಣಿಸಿ ಬಂದು
ಸಾರಿನಲ್ಲಿ ಬೆರಳದ್ದಿ ಬಟ್ಟಲ ಮೇಲೆ ಬರೆದು ತೋರಿಸಿದ್ದು,
ಅಮ್ಮನಿಗೆ, ನನಗೆ, ಮಹಡಿಯ ಮಲಬಾರಿ ಅಜ್ಜಿಗೂ.

ಒಂದು ಕ್ರೆಡಿಟ್ಟಿಗೆ ಇಷ್ಟು ದಿನಾರು,
ಗುಣಿಸು ಇಪ್ಪತ್ತೊಂದು.
ವನಜಾಕ್ಷಿ ಮಾತಾಡದೆ ಬಳೆ ಬಿಚ್ಚಿದಳು.

ಬಾರ್ಕೂರಿನಲ್ಲಿ, ಮದುವೆಗೆ ಮುಂಚೆ, ನಾನೇ ಮಾಡಿದ ಬಳೆ.
ಹನ್ನೊಂದು ರಾತ್ರಿ.
ಎಲೆ ಎಲೆಗೂ ನರ ಕೊರೆದಿದ್ದೆ.
ಮಾಲೀಕರು ಎದುರಿಗಿದ್ದರು. ತಟ್ಟೆಗೆ ಹಾಕಿದೆ.
ಅರಗು ಕಳೆದೆ, ಬೆಸುಗೆ ಕಳೆದೆ,
ಸವಕಳಿಯನ್ನೂ ಕಳೆದೆ. ಲೆಕ್ಕ ಲೆಕ್ಕವೇ.
ಬಿಲ್ಲಿನಲ್ಲಿ ಎಲೆಗಳಿಗೆ ಖಾನೆ ಇರಲಿಲ್ಲ.

ರಾತ್ರಿ, ಶಟರ್ ಎಳೆದ ಮೇಲೆ, ಎಂದಿನಂತೆ
ಬೆಂಚಿನಡಿಯ ದೂಳನ್ನು ಬ್ರಷ್ಷಿನಿಂದ ಒಟ್ಟುಮಾಡಿ
ಡಬ್ಬಿಗೆ ತುಂಬಿದೆ.
ವರ್ಷಕ್ಕೊಮ್ಮೆ ಕರಗಿಸುತ್ತೇವೆ. ಏನಾದರೂ ಸಿಕ್ಕೇ ಸಿಗುತ್ತದೆ.

ಸುಮೇಧಾಳ ಫೋನು:
'ನಾಳೆ ಬೆಳಿಗ್ಗೆ ಇಳಿತ ಪಪ್ಪಾ, ತೂಬ್ಲಿಗೆ ಹೋಗಿ ಬರ್ತೇನೆ,
ಆ ಮೂಲೆಯ ಬೇರುಗಳ ಎಣಿಕೆ ಅರ್ಧಕ್ಕೇ ನಿಂತಿತ್ತು.'
ಯಾರಿಗೆ ಒಪ್ಪಿಸಲಿಕ್ಕೆ, ಎಂದು ಕೇಳಹೊರಟವ
'ಚಪ್ಪಲಿ ಕೈಯಲ್ಲಿ ಹಿಡ್ಕೊ,' ಅಂದೆ,
'ಕೆಸರು ಎಳೀತದೆ.'