ಮೂರನೆಯ ಬಾಟಲಿ

ಬುಧವಾರ ಹೋಟೆಲಿಗೆ ರಜ. ಬಾಗಿಲಿಗೆ ಬೀಗವಿಲ್ಲ.
ಮೋಸೆಲ್ ಹೊಳೆಯ ಕಡೆಗಿನ ಕಿಟಕಿ ತುಂಬ ಆವಿ.
ವಿಲಾವನ್ ಕಲ್ಲೊರಳಿಗೆ ಸೂಜಿಮೆಣಸು ಸುರಿಯುತ್ತಾಳೆ,
ಎಣಿಸುವುದಿಲ್ಲ.
ದುಂಪರಾಸ್ಮೆ, ಮಜ್ಜಿಗೆಹುಲ್ಲು, ಸೀಗಡಿಯ ಕಪ್ಪು ಮುದ್ದೆ.
ಕುಟ್ಟುವ ಸದ್ದಿಗೆ ಮೇಲಿನ ಮನೆಯ ಮುದುಕಿ
ಎರಡು ಸಲ ನೆಲ ಬಡಿದು ಸುಮ್ಮನಾದಳು.

ಆನ್ಸ್‌ಗಾರ್ ಬಂದ, ಬುಟ್ಟಿಯಲ್ಲಿ ಮೂರು ಬಾಟಲಿ.
ಮೊಣಕಾಲು ಸವೆದ ಆಸಾಮಿ. ಮೂವತ್ತು ವರ್ಷ
ಸ್ಲೇಟು ಕಲ್ಲಿನ ಕಡಿದಾದ ಇಳಿಜಾರಿನಲ್ಲಿ
ಬಳ್ಳಿಗೊಂದು ಗೂಟ, ಗೂಟಕ್ಕೊಂದು ಬೈಗುಳ.
"ಖಾರದ ಜೊತೆ ವೈನು ಅಂದರೆ
ಹಿಟ್ಟಿನ ಗಿರಣಿಯಲ್ಲಿ ಕೂತು ಪಿಟೀಲು ಕೇಳಿದ ಹಾಗೆ,"
ಅಂದ. ಆದರೂ ತಂದಿದ್ದ.

ಮೊದಲು ಕೆಂಪು.
ಒಂದು ತುತ್ತು, ಒಂದು ಗುಟುಕು, ಅಷ್ಟೆ.
ಒಗರು ಹೋಗಿ ಖಾರದ ಕೈ ಹಿಡಿಯಿತು,
ಎರಡೂ ಸೇರಿ ನಾಲಿಗೆಯ ಮೇಲೆ ಕೆಂಡ ಹರವಿದವು.
ಅವನ ಕಿವಿ ದ್ರಾಕ್ಷಿಯ ಬಣ್ಣಕ್ಕೆ ತಿರುಗಿತು.
ಅವಳು ಅನ್ನ ಮುಂದೆ ತಳ್ಳಿದಳು, ನೀರನ್ನಲ್ಲ.

ಎರಡನೆಯದು ಬಿಳಿ. ಪದಕ ಗೆದ್ದದ್ದು,
ಸಿಹಿಯ ಸುಳಿವೂ ಇಲ್ಲದ್ದು.
ತೆಂಗಿನಹಾಲಿನ ಮುಂದೆ ಅದು
ನೆಂಟರ ಮನೆಯಲ್ಲಿ ಷೂ ಬಿಚ್ಚದೆ ನಿಂತ ಅಧಿಕಾರಿ.
"ಸಿಟ್ಟು ಮಾಡಿಕೊಂಡ ನಿಂಬೆಹಣ್ಣು,"
ಅಂದಳು, ತನ್ನ ಅರೆಬರೆ ಜರ್ಮನ್‌ನಲ್ಲಿ.

ಮೂರನೆಯದಕ್ಕೆ ಚೀಟಿ ಇಲ್ಲ.
ಬಿರಡೆ ತೆಗೆಯುವಾಗ ಅವನು ಕಿಟಕಿ ನೋಡುತ್ತಿದ್ದ.
ಆ ಚಳಿಗಾಲ ಉರ್ಸೆಲ್ ಟ್ರೀರ್‌ನ ಆಸ್ಪತ್ರೆಯಲ್ಲಿ;
ಇವನು ಅವಳ ಮಂಚದ ಪಕ್ಕ.
ನೆಲಮಾಳಿಗೆಗೆ ಇಳಿದವರಿಲ್ಲ.
ಪೀಪಾಯಿ ತಣ್ಣಗಾಗಿ ಹುದುಗು ಅರ್ಧಕ್ಕೇ ನಿಂತು
ಸಿಹಿ ಒಳಗೇ ಉಳಿದುಬಿಟ್ಟಿತ್ತು.
ಮಾರಲು ನಾಚಿಕೆ. ಚೆಲ್ಲಲು—
ಏನೋ ಹೇಳಹೊರಟವನು, ಲೋಟಕ್ಕೆ ಸುರಿದ.

ವಿಲಾವನ್ ಒಂದು ಚಮಚ ಕರಿ, ಒಂದು ಗುಟುಕು.
ಮತ್ತೆ ಒಂದು ಚಮಚ.
ಮೂಗಿನ ತುದಿಯಲ್ಲಿ ಬೆವರ ಮಣಿ.
ಖಾರ ಹೋಗಲಿಲ್ಲ, ಕೂತುಕೊಂಡಿತು,
ಸೀಟು ಸಿಕ್ಕ ಕೂಡಲೇ ಜಗಳ ಮರೆತ
ಬಸ್ಸಿನ ಮುದುಕನ ಹಾಗೆ.
ಅದರ ಹಿಂದಿನಿಂದ ತುಳಸಿ, ನಿಂಬೆಯೆಲೆ,
ಮಳೆ ನಿಂತ ಮೇಲಿನ ಸ್ಲೇಟು ಕಲ್ಲು
ಒಂದೊಂದೇ ಹತ್ತಿದವು.

"ಉದೋನ್‌ನಲ್ಲಿ ನಮ್ಮಮ್ಮ ತಾಳೆಬೆಲ್ಲ ಹಾಕುತ್ತಿದ್ದುದು
ಎಲ್ಲ ಮುಗಿದು, ಒಲೆ ಆರಿಸಿದ ಮೇಲೆ," ಅಂದಳು.
ಅವನಿಗೆ ತಿಳಿಯಿತೋ ಇಲ್ಲವೋ.
ಲೋಟದ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ.

"ಎಷ್ಟು ಉಳಿದಿವೆ?"
"ನಲವತ್ತೊಂದು. ಇದನ್ನು ಬಿಟ್ಟರೆ ನಲವತ್ತು."

ಅವಳು ಎದ್ದು ಒಲೆ ಮತ್ತೆ ಹಚ್ಚಿ
ಇನ್ನೂ ನಾಲ್ಕು ಮೆಣಸು ಸೀಳಿ ಹಾಕಿದಳು.